ಚಾಂದ್ ಬಿ ಕುಡಿಸಿದ ಕಾಲು ಸೂಪು

ಚಾಂದ್ ಬಿ ಅವರನ್ನು ನಾನು ಮೊದಲು ಕಂಡದ್ದು ಆರು ವರ್ಷಗಳ ಹಿಂದೆ, ಕಡೂರಿನಿಂದ ತರೀಕೆರೆಗೆ ಹೊರಟ ಬಸ್ಸಿನಲ್ಲಿ. ತೊಡೆಯ ಮೇಲೆ ಮೂರು ವರ್ಷದ ಮೊಮ್ಮಗಳು ಅಂಬರೀನ್, ಪಕ್ಕದಲ್ಲಿ ಫ್ಲಾಸ್ಕಿನ ತುಂಬ ಕುರಿಯ ಕಾಲಿನ ಸೂಪು. ಮಗು ತುಟಿ ಬಿಗಿದು ಮುಖ ತಿರುಗಿಸುತ್ತಿತ್ತು. ಅಜ್ಜಿ ಅದರ ಮೂಗು ಹಿಡಿದರು. ಉಸಿರಿಗೆಂದು ಬಾಯಿ ತೆರೆದೊಡನೆ ಒಂದು ಚಮಚ ಒಳಗೆ ಹೋಯಿತು.

"ತುದಿಗಾಲಲ್ಲೇ ನಡೀತಾಳೆ ಸಾರ್, ಹಿಮ್ಮಡಿ ನೆಲಕ್ಕೆ ಇಡಲ್ಲ. ಕಾಲು ಗಟ್ಟಿ ಆಗ್ಲಿ ಅಂತ," ಎಂದರು.

"ಕುಡಿ ಮಗು, ಶಕ್ತಿ ಬರುತ್ತೆ," ಎಂದೆ ನಾನೂ.

ತರೀಕೆರೆಯ ಅಡಿಕೆ ಮಂಡಿಗಳ ಹರಿದ ಗೋಣಿಚೀಲ ಹೊಲಿಯುವುದು ಅವರ ಕೆಲಸ. ಮನೆ ನನ್ನ ಮನೆಯಿಂದ ಎರಡು ಬೀದಿ ಆಚೆ. ಮಗಳು ಅಡಿಕೆ ಸುಲಿಯಲು ಹೋಗುತ್ತಿದ್ದುದರಿಂದ ಮೊಮ್ಮಗಳು ಅಜ್ಜಿಯ ಬಳಿಯೇ ಇರುತ್ತಿದ್ದಳು. ಆ ಮಗುವಿಗೆ ತಿನ್ನಿಸುವುದು ಇಡೀ ಬೀದಿಯ ಕೆಲಸವಾಗಿತ್ತು. ನೆರೆಮನೆಯ ತೀರ್ಥಮ್ಮ ದಿನವೂ ನಾಟಿ ಕೋಳಿಯ ಮೊಟ್ಟೆ ತರುತ್ತಿದ್ದರು.

"ಏನ್ ಚಾಂದ್ ಬಿ, ಮಗೀನ ಹಿಂಗೆ ಸೊರಗ್ಸಿದ್ದೀಯಲ್ಲೇ?"

"ನಿನ್ನ ಕೋಳಿ ಗೋಲಿಯಷ್ಟು ಮೊಟ್ಟೆ ಇಡ್ತದೆ ಕಣೇ. ಮೊದ್ಲು ಅದನ್ನ ಬೈ!"

ತಿನ್ನಿಸಿದಷ್ಟೂ ಕಾಲು ಸೆಟೆಯಿತು. ಮಗು ವಾಂತಿ ಮಾಡಿಕೊಂಡು ಮಂಕಾಗಿ ಮಲಗುತ್ತಿತ್ತು. ಕಲಿತ ಮಾತುಗಳು ಒಂದೊಂದಾಗಿ ಮರೆತುಹೋದವು. ಒಂದು ಬೆಳಿಗ್ಗೆ ಫಿಟ್ಸ್ ಬಂದಿತು. ಶಿವಮೊಗ್ಗದ ವೈದ್ಯರು ರಕ್ತ ಪರೀಕ್ಷೆ ಮಾಡಿಸಿದರು. ನಾನು ಜೀವಶಾಸ್ತ್ರ ಕಲಿಸಿದವನೆಂದು ತಿಳಿದು ಚಾಂದ್ ಬಿ ಆ ಕಾಗದವನ್ನು ನನ್ನಲ್ಲಿಗೆ ತಂದರು. ಅದರಲ್ಲಿ ಆರ್ಜಿನೇಸ್ ಕೊರತೆ ಎಂದಿತ್ತು.

ನನಗೆ ತಿಳಿದಂತೆ ಹೇಳಿದೆ. ಮಾಂಸ, ಮೊಟ್ಟೆ, ಬೇಳೆ ತಿಂದಾಗ ದೇಹ ತನಗೆ ಬೇಕಾದುದನ್ನು ಇಟ್ಟುಕೊಳ್ಳುತ್ತದೆ. ಉಳಿದುದರಿಂದ ಅಮೋನಿಯಾ ಎಂಬ ವಿಷ ಹುಟ್ಟುತ್ತದೆ. ಪಿತ್ತಜನಕಾಂಗ ಅದನ್ನು ಹಂತಹಂತವಾಗಿ ಯೂರಿಯಾ ಮಾಡಿ ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಆ ಕೆಲಸದ ಕೊನೆಯ ಹಂತ ಆರ್ಜಿನೇಸ್ ಎಂಬ ಕಿಣ್ವದ್ದು; ಆರ್ಜಿನೈನ್ ಎಂಬ ವಸ್ತುವನ್ನು ಸೀಳಿ ಯೂರಿಯಾ ಬಿಡಿಸುವುದು ಅದೇ. ಹಸುವಿನಲ್ಲಿ, ಬೆಕ್ಕಿನಲ್ಲಿ, ನಮ್ಮಲ್ಲಿ, ಎಲ್ಲರಲ್ಲೂ ಅದಿದೆ. ಮೂತ್ರಪಿಂಡ ಮೊದಲಾದೆಡೆ ಅದರದೇ ಇನ್ನೊಂದು ಬಗೆ ಇದ್ದರೂ ಪಿತ್ತಜನಕಾಂಗದ ಹೊರೆಯನ್ನು ಅದು ಹೊರಲಾರದು. ಈ ಮಗುವಿಗೆ ಹುಟ್ಟಿನಿಂದಲೇ ಪಿತ್ತಜನಕಾಂಗದ ಆ ಆರ್ಜಿನೇಸ್ ಇಲ್ಲ. ಆರ್ಜಿನೈನ್ ರಕ್ತದಲ್ಲೇ ಸೇರಿಕೊಂಡು ಮಿದುಳನ್ನೂ ಕಾಲನ್ನೂ ಕೆಡಿಸುತ್ತಿದೆ.

"ಹಂಗಾದ್ರೆ ನಾನು ಕುಡಿಸಿದ್ದು?"

"ನಿಮಗೆ ಗೊತ್ತಿರಲಿಲ್ಲವಮ್ಮ. ನನಗೂ ಹೊಳೆಯಲಿಲ್ಲ."

"ಅವಳಿಗೆ ಗೊತ್ತಿತ್ತಲ್ಲ ಸಾರ್. ಬ್ಯಾಡ, ಬ್ಯಾಡ ಅಂತಿದ್ಲು. ನಾನು ಮೂಗು ಹಿಡಿದೆ."

ಮರುದಿನವೇ ಅವರು ಬೀದಿಯಲ್ಲಿ ನಿಂತು ಸಾರಿದರು: "ಇವಳ ಬಾಯಿಗೆ ಯಾರಾದ್ರೂ ಮೊಟ್ಟೆ ಇಟ್ರೆ ದಬ್ಬಣ ತಗೊಂಡು ಬತ್ತೀನಿ!" ತೀರ್ಥಮ್ಮ ಅಂದಿನಿಂದ ಸೋರೆಕಾಯಿ ಕಳಿಸತೊಡಗಿದರು. ಔಷಧಿ, ವೈದ್ಯರು ಬರೆದುಕೊಟ್ಟ ಪುಡಿ, ತೂಗಿ ಬಡಿಸಿದ ಅನ್ನ. ಫಿಟ್ಸ್ ನಿಂತಿತು, ಮಾತು ಮರಳಿತು. ಕಾಲಿನ ಸೆಟೆತ ಮಾತ್ರ ಪೂರ್ತಿ ಹೋಗಲಿಲ್ಲ.

ಅಂಬರೀನಳಿಗೆ ಈಗ ಒಂಬತ್ತು ವರ್ಷ. ಗೋಡೆ ಹಿಡಿದು ನಡೆಯುತ್ತಾಳೆ, ಎರಡನೆಯ ತರಗತಿ. ಬೇಳೆಯನ್ನು ಪೂರ್ತಿ ಬಿಡುವಂತೆಯೂ ಇಲ್ಲ. ಬಿಟ್ಟರೆ ದೇಹ ತನ್ನ ಮಾಂಸವನ್ನೇ ಕರಗಿಸಿಕೊಳ್ಳುತ್ತದೆ, ರಕ್ತದಲ್ಲಿ ಅದೇ ಆರ್ಜಿನೈನ್ ಏರುತ್ತದೆ. ಆದ್ದರಿಂದ ದಿನಕ್ಕೆ ಎರಡು ಚಮಚ ಬೇಳೆ ತಿನ್ನಲೇಬೇಕು. ಅವಳಿಗೆ ಅದು ಒಲ್ಲದು. ಶಾಲೆ ಬಿಟ್ಟ ಮೇಲೆ ಚಾಂದ್ ಬಿ ಗೋಣಿಯನ್ನು ಬದಿಗಿಟ್ಟು, ತಟ್ಟೆ ಬಡಿಸಿ, ಎದುರಿಗೆ ಕೈಕಟ್ಟಿ ಕೂರುತ್ತಾರೆ. ಗದರುವುದಿಲ್ಲ, ಮುಟ್ಟುವುದಿಲ್ಲ. "ನಿಧಾನಕ್ಕೆ ತಿನ್ನು ಬೇಟಿ," ಎನ್ನುತ್ತಾರೆ ಅಷ್ಟೆ. ಕೆಲವು ದಿನ ಒಂದು ಗಂಟೆಯೇ ಆಗುತ್ತದೆ.

ನಿನ್ನೆ ನಾನು ಹೋದಾಗ ಅನ್ನ ಆರಿಹೋಗಿತ್ತು. ಬೇಳೆ ಒಂದು ಚಮಚ ಮುಗಿದಿತ್ತು. ಇನ್ನೊಂದಕ್ಕೆ ಅವರು ಕಾಯುತ್ತಿದ್ದರು.