ಮೇಲಿನ ಕೋಣೆಯ ಅಮೆರಿಕನ್ ನಟ

ಆತ ನಮ್ಮ ಮನೆಗೆ ಬರುವವರೆಗೆ ನಮ್ಮ ಕಡೆ ನಟ ಎಂದರೆ ನಾನೇ. ಅಂಕೋಲೆಯ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಮಾಸ್ತರನಾಗಿದ್ದೆ. ಸಂಜೆ ಶಾಲೆ ಬಿಟ್ಟ ಮೇಲೆ ನಾಟಕದ ತಾಲೀಮು. ಶಾಲೆಯ ಗ್ಯಾದರಿಂಗ್ ಇರಲಿ, ಸಂಘದ ವಾರ್ಷಿಕೋತ್ಸವ ಇರಲಿ, ನಾಯಕನ ಪಾತ್ರ ಯಾರದು ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಮೀನುಪೇಟೆಗೆ ಹೋದರೆ ಅಲ್ಲಿಯ ಹೆಂಗಸರು ನನ್ನನ್ನು ಹಿಂದಿನ ನಾಟಕದ ಪಾತ್ರದ ಹೆಸರಿನಿಂದ ಕೂಗುತ್ತಿದ್ದರು. ಕೂಗಿ ಒಂದು ಬಂಗಡೆ ಹೆಚ್ಚಿಗೆ ಹಾಕುತ್ತಿದ್ದರು. ಆ ಹೆಚ್ಚಿನ ಬಂಗಡೆಯನ್ನು ನಾನು ಪ್ರಶಸ್ತಿಯಂತೆ ಮನೆಗೆ ತರುತ್ತಿದ್ದೆ.

ಎರಡು ಸಾವಿರದ ದಶಕದ ನಡುವಿನ ಮಾತು. ಅಪ್ಪ ತೀರಿಕೊಂಡಿದ್ದರು, ನನಗೆ ಮದುವೆಯಾಗಿರಲಿಲ್ಲ. ಮನೆಯಲ್ಲಿ ಆಯಿ, ಅಂದರೆ ನನ್ನ ಅಮ್ಮ, ಮತ್ತು ನಾನು ಇಬ್ಬರೇ. ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ರಿಕ್ಷಾದವನೊಬ್ಬ ಅರವತ್ತು ದಾಟಿದ, ಉದ್ದ ಮೂಗಿನ ಬಿಳಿಯನೊಬ್ಬನನ್ನು ತಂದು ನಮ್ಮ ಅಂಗಳದಲ್ಲಿ ಇಳಿಸಿದ.

"ಮಾಸ್ತರ್ರೆ, ಇವ್ರಿಗೆ ಗೋಕರ್ಣದಲ್ಲಿ ಗಲಾಟೆ ಜಾಸ್ತಿ ಆಯ್ತಂತೆ. ನಿಮ್ಮ ಮೇಲಿನ ಕೋಣೆ ಖಾಲಿ ಅದ್ಯಲ್ಲ? ನಿಮ್ಗೆ ಇಂಗ್ಲಿಷೂ ಬತ್ತದೆ" ಎಂದ.

ಆತ ಅಮೆರಿಕದವನಂತೆ. ಏನು ಕೆಲಸ ಎಂದು ನಾನು ಆತನನ್ನೇ ಇಂಗ್ಲಿಷಿನಲ್ಲಿ ಕೇಳಿದೆ. "ನಟ. ಸಿನಿಮಾ, ಟೀವಿ, ಯಾರು ಕರೆದರೆ ಅದು" ಎಂದ. ಅದನ್ನು ಆಯಿಗೆ ಹೇಳಿದೆ. ಆಯಿ ಆತನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ನೀನೂ ನಾಟ್ಕದಂವ, ಅಂವನೂ ನಾಟ್ಕದಂವ. ಅಡ್ಡಿಲ್ಲ, ಇರ್ಲಿ ಬಿಡು" ಎಂದಳು.

ನಮ್ಮಿಬ್ಬರನ್ನು ಒಂದೇ ಉಸಿರಿನಲ್ಲಿ ಹೇಳಿದಳಲ್ಲ ಎಂದು ಮೊದಲು ಹಿಗ್ಗಾಯಿತು. ಕೋಣೆಯ ಬೀಗ ತೆಗೆಯಲು ಮೆಟ್ಟಿಲು ಹತ್ತುವಷ್ಟರಲ್ಲಿ ಆ ಹಿಗ್ಗು ಇಳಿದಿತ್ತು. ಆತನದು ಹೊಟ್ಟೆಪಾಡು. ನನ್ನದು ಸಂಜೆಯ ಹವ್ಯಾಸ. ಒಂದೇ ಮಾತಿನಲ್ಲಿ ಹೇಳಿದರೂ ಎರಡೂ ಒಂದಲ್ಲವೆಂದು ನನಗೆ ಗೊತ್ತಿತ್ತು.

ಆಯಿ ಹಿತ್ತಲ ಜಗಲಿಯಲ್ಲಿ ಕೂತು ಮೀನು ಕೊಯ್ಯುವಾಗ ಆತ ಎದುರಿಗೆ ಮಣೆ ಹಾಕಿಕೊಂಡು ಕೂರುವುದು ಬೇಗನೆ ರೂಢಿಯಾಯಿತು. ಆಯಿಗೆ ಇಂಗ್ಲಿಷ್ ಬಾರದು, ಆತನಿಗೆ ಕನ್ನಡ ಬಾರದು. ಭಾನುವಾರ ಬಂತೆಂದರೆ ನಾನು ಇಬ್ಬರ ನಡುವೆ ಕೂತು ಆತನ ಜೀವನಚರಿತ್ರೆಯನ್ನು ಕನ್ನಡಕ್ಕೆ ತಿರುಗಿಸಬೇಕು. ಹುಟ್ಟಿದ್ದು ಅರ್ಧ ವರ್ಷ ಹಿಮ ಬೀಳುವ ಒಂದು ಸಣ್ಣ ಊರಿನಲ್ಲಂತೆ. ಅಪ್ಪ ಹಾಲಿನ ಗಾಡಿ ಓಡಿಸುತ್ತಿದ್ದನಂತೆ. ಮಗ ಹದಿನೆಂಟಕ್ಕೆ ಬಸ್ಸು ಹತ್ತಿ ಸಿನಿಮಾದ ಊರಿಗೆ ಹೋದ. ಹೋಟೆಲಿನಲ್ಲಿ ತಟ್ಟೆ ಎತ್ತಿದ, ನಾಯಿಯ ತಿಂಡಿಯ ಜಾಹೀರಾತಿನಲ್ಲಿ ನಾಯಿಯ ಯಜಮಾನನಾದ. ಟೀವಿಯಲ್ಲಿ ಪೊಲೀಸ್, ಕಳ್ಳ, ಹೆಣ. ಕೊನೆಗೊಂದು ಆಸ್ಪತ್ರೆಯ ಧಾರಾವಾಹಿಯಲ್ಲಿ ಆಂಬುಲೆನ್ಸ್ ಡ್ರೈವರನ ಪಾತ್ರ ಸಿಕ್ಕಿತು. ಅದು ಕೆಲವು ವರ್ಷ ಓಡಿತು. ಅಂಗಡಿಗೆ ಹೋದರೆ ಜನ ಗುರುತು ಹಿಡಿದು, "ಗಾಡಿ ಎಲ್ಲಿ ನಿಲ್ಲಿಸಿದೆ?" ಎಂದು ಕೇಳುತ್ತಿದ್ದರಂತೆ. ಆಮೇಲೆ ನಿರ್ಮಾಪಕರು ಬದಲಾದರು, ಹೊಸಬರಿಗೆ ಕಿರಿಯ ಡ್ರೈವರ್ ಬೇಕಾದ. ಇವನ ಪಾತ್ರವನ್ನು ಹೃದಯಾಘಾತದಲ್ಲಿ ಮುಗಿಸಿದರು. ನಂತರ ಒಂದೆರಡು ಸಿನಿಮಾ. ಅವುಗಳಲ್ಲೊಂದರಲ್ಲಿ ನಾಯಕನಿಗೆ ಬಾಗಿಲು ತೆಗೆಯುವವನು ಈತನೇ.

"ಅಷ್ಟೆಯಾ?" ಎಂದು ನನಗೆ ಒಳಗೊಳಗೇ ಸಮಾಧಾನವಾಯಿತು. ನಾನು ಯಾವ ನಾಟಕದಲ್ಲೂ ಬಾಗಿಲು ತೆಗೆಯುವವನಾಗಿರಲಿಲ್ಲ. ಆದರೆ ಆಯಿ ಬಂಗಡೆಯ ಕಿವಿರು ಕೀಳುತ್ತಿದ್ದವಳು ಕೈ ನಿಲ್ಲಿಸಿ ನನಗೆ ಹೇಳಿದಳು:

"ಕೇಳು ಅಂವಂಗೆ. ಅಂವ ಗಾಡಿ ತರದೇ ಹೋದ್ರೆ ಆ ಡಾಕ್ಟ್ರು ಎಂತ ಮಾಡ್ತಿದ್ದ? ಸುಮ್ನೆ ಕೂತ್ಕಂಡಿರ್ತಿದ್ದ, ಅಲ್ಲಾ?"

ಇದನ್ನು ಇಂಗ್ಲಿಷಿಗೆ ತಿರುಗಿಸಿದ್ದೇ ತಡ, ಆತ ಎದ್ದು ನಿಂತು ಎರಡೂ ಕೈ ಜೋಡಿಸಿ ಆಯಿಗೆ ತಲೆಬಾಗಿದ. ಇಷ್ಟು ವರ್ಷಗಳಲ್ಲಿ ಯಾರೂ ತನಗೆ ಈ ಮಾತು ಹೇಳಿರಲಿಲ್ಲ ಎಂದ. ಆಯಿ ನನ್ನ ಎಲ್ಲ ನಾಟಕಗಳನ್ನೂ ನೋಡಿದ್ದಳು. ಪ್ರತಿ ಸಲವೂ ಮನೆಗೆ ಬಂದ ಮೇಲೆ ಅವಳದು ಒಂದೇ ಮಾತು, "ಕೂಗೂದು ಸ್ವಲ್ಪ ಕಡ್ಮೆ ಮಾಡು. ಗಂಟ್ಲು ಹಾಳಾಗ್ತದೆ."

ಅಲ್ಲಿಂದ ಮುಂದೆ ನನ್ನ ಅನುವಾದ ಗಿಡ್ಡವಾಗುತ್ತ ಹೋಯಿತು. ಆತ ಕೈ ಬೀಸಿ, ಕಣ್ಣು ಅರಳಿಸಿ ದೊಡ್ಡ ಕಥೆ ಹೇಳಿದರೆ ನಾನು "ಏನೋ ಶೂಟಿಂಗಿನಲ್ಲಿ ಮಳೆ ಬಂತಂತೆ" ಎಂದು ಮುಗಿಸುತ್ತಿದ್ದೆ. ಆಯಿ ನನ್ನನ್ನೇ ನೋಡುತ್ತಿದ್ದಳು.

"ಅಂವ ಅಷ್ಟೊತ್ತು ಮಾತಾಡ್ದ, ನೀ ಇಷ್ಟೇ ಹೇಳ್ತೆ. ಉಳಿದದ್ದು ಎಲ್ಲಿ ಹೋತು?"

"ಉಳಿದದ್ದು ಬರೀ ಬಡಾಯಿ ಆಯಿ."

"ಬಡಾಯಿ ಆದ್ರೆ ಆಗ್ಲಿ. ಹೇಳು."

ಜನವರಿಯಲ್ಲಿ ನಮ್ಮ ತಂಡ ಕಾರವಾರದ ರಂಗಮಂದಿರದಲ್ಲಿ ನಾಟಕ ಆಡುವುದೆಂದು ಗೊತ್ತಾಯಿತು. ನಮ್ಮ ನೆಲದ ಉಪ್ಪಿನ ಸತ್ಯಾಗ್ರಹದ ಕಥೆ. ಸತ್ಯಾಗ್ರಹಿಗಳ ಮುಂದಾಳು ನಾನು. ಅವನನ್ನು ಹಿಡಿಯಲು ಬರುವ ಬಿಳಿ ಅಧಿಕಾರಿಯ ಪಾತ್ರಕ್ಕೆ ಪ್ರತಿ ಸಲ ನಮ್ಮ ತಂಡದವರೇ ಒಬ್ಬರು ಮುಖಕ್ಕೆ ಪೌಡರ್ ಬಳಿದುಕೊಂಡು ನಿಲ್ಲುತ್ತಿದ್ದರು. ನಿರ್ದೇಶಕ ನನ್ನ ಗೆಳೆಯ, ಬ್ಯಾಂಕಿನಲ್ಲಿ ಕೆಲಸಕ್ಕಿದ್ದ. ಅವನು ಒಂದು ಸಂಜೆ ನಮ್ಮ ಮನೆಗೆ ಬಂದವನು ಜಗಲಿಯಲ್ಲಿ ಕೂತ ಅಮೆರಿಕದವನನ್ನು ನೋಡಿ ನಿಂತುಬಿಟ್ಟ.

"ಮಾರಾಯಾ, ಇಂಥವ್ರನ್ನ ಮನೇಲಿ ಇಟ್ಕಂಡು ನಂಗೆ ಹೇಳೂಕಾಗ್ಲಿಲ್ಲ ನಿಂಗೆ?"

"ಅವರು ಅಮೆರಿಕದವರು. ನಾಟಕದಲ್ಲಿ ಬೇಕಾದ್ದು ಇಂಗ್ಲೆಂಡಿನವನು" ಎಂದೆ.

"ಕೂತ ಜನಕ್ಕೆ ಅದೆಲ್ಲಾ ಎಲ್ಲಿ ಗೊತ್ತಾಗ್ತದೆ? ಬೆಳ್ಳಗೆ ಇದ್ರೆ ಸಾಕು."

ಅಧಿಕಾರಿಗೆ ಇದ್ದದ್ದು ಎರಡೇ ಮಾತು, ಎರಡೂ ಕನ್ನಡದಲ್ಲಿ. ಆತ ಅವನ್ನು ಆಯಿಯಿಂದ ಕಲಿತ. ತಾಲೀಮಿಗೆ ಬಂದ ಮೊದಲ ದಿನವೇ ನಿರ್ದೇಶಕನಿಗೆ ಪ್ರಶ್ನೆ ಹಾಕಿದ. ಈ ಅಧಿಕಾರಿ ಎಲ್ಲಿಂದ ನಡೆದು ಬಂದ? ಊಟ ಆಗಿದೆಯೋ ಇಲ್ಲವೋ? ಬೂಟು ಸರಿಯಾಗಿ ಹಿಡಿಸಿದೆಯೋ ಬಿಗಿಯೋ? ನಮ್ಮಲ್ಲಿ ಅಧಿಕಾರಿಯ ಬೂಟಿನ ಬಗ್ಗೆ ಯಾರೂ ಯೋಚಿಸಿದವರಲ್ಲ. ನಿರ್ದೇಶಕ ಬಾಯಿ ಬಿಟ್ಟುಕೊಂಡು ಕೇಳಿದ. ಚಹಾ ಬಂದಾಗ ತಂಡದವರೆಲ್ಲ ಆತನ ಸುತ್ತ. ನಾನು ಕಿಟಕಿಯ ಹತ್ತಿರ ನನ್ನ ದೊಡ್ಡ ಭಾಷಣವನ್ನು ಬಾಯಿಪಾಠ ಮಾಡುತ್ತ ನಿಂತಿದ್ದೆ. ಅದು ನನಗೆ ಎಂದೋ ಬಾಯಿಗೆ ಬಂದಿತ್ತು.

ನಾಟಕದ ಸಂಜೆ ರಂಗಮಂದಿರ ತುಂಬಿತ್ತು. ಆತ ರಂಗಕ್ಕೆ ಬಂದಾಗ ಬಿದ್ದ ಸಿಳ್ಳೆ ನನಗೆಂದೂ ಬಿದ್ದದ್ದಲ್ಲ. ಆಯಿ ಕಲಿಸಿದ ನಮ್ಮೂರಿನ ರಾಗದಲ್ಲಿಯೇ "ಯಾರು ಇವರ ಮುಂದಾಳು?" ಎಂದು ಕೇಳಿದಾಗ ಜನ ಖುಷಿಯಿಂದ ಕೂಗಿದರು. ನಾನು ಮುಂದೆ ಬಂದೆ. ಪ್ರೇಕ್ಷಕರ ಕಡೆ ತಿರುಗಿ, ಹಿಡಿ ಉಪ್ಪು ಎತ್ತಿ, ಭಾಷಣ ಶುರು ಮಾಡಿದೆ. ತಾಲೀಮಿನಲ್ಲಿ ಮಾಡುತ್ತಿದ್ದಂತೆ ಹಿಂದೆ ಆತ ಒಂದು ಪೆಟ್ಟಿಗೆಯ ಮೇಲೆ ಕೂತು ಬಿಗಿಯಾದ ಬೂಟಿನ ದಾರ ಸಡಿಲಿಸತೊಡಗಿದ್ದ. ಜನ ನಗುವುದು ಕೇಳಿಸಿತು. ನಾನು ದನಿ ಏರಿಸಿದೆ. ಅಂಕೋಲೆಯಲ್ಲಿ ಆಡಿದಾಗ ಆ ಭಾಷಣದ ನಡುವೆ ಚಪ್ಪಾಳೆ ಬೀಳುತ್ತಿತ್ತು. ಈ ಸಲ ನಗು ನಿಂತಿತು, ಚಪ್ಪಾಳೆ ಬೀಳಲಿಲ್ಲ. ಇಡೀ ಸಭಾಂಗಣ ಗಪ್ಪಾಯಿತು. ಎಲ್ಲರೂ ನನ್ನ ಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತಿದ್ದಾರೆಂದು ನನಗನಿಸಿತು. ಭಾಷಣ ಮುಗಿಸುವಾಗ ನನ್ನ ಕಿವಿ ಕಾದಿತ್ತು.

ಬಣ್ಣದ ಕೋಣೆಯಲ್ಲಿ ನಾನು ಆತನ ಮುಖ ನೋಡದೆ ಪಂಚೆ ಬದಲಿಸಿದೆ. ಆತನೇ ಬಂದು ಭುಜ ಮುಟ್ಟಿದ.

"ನೀನು ಒಂದು ಸಲವೂ ನನ್ನ ಕಡೆ ತಿರುಗಲಿಲ್ಲ" ಎಂದ. "ತಿರುಗಿದ್ದರೆ ಗೊತ್ತಾಗುತ್ತಿತ್ತು. ನಿನ್ನ ಮಾತು ಕೇಳಿ ನಾನು ಬೂಟು ಬಿಚ್ಚುವುದನ್ನು ನಿಲ್ಲಿಸಿದ್ದೆ."

ನಾನು ಹೂಂ ಎಂದೆ. ನನ್ನ ನಾಟಕದಲ್ಲಿ ನನಗೇ ತಿಳಿಯದ ಒಂದು ಘಟನೆಯನ್ನು ಆತ ಸೇರಿಸಿದ್ದ, ಅದನ್ನು ನಾನೊಬ್ಬನೇ ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಆಯಿ ದೋಸೆ ಹೊಯ್ಯುತ್ತ ಹೇಳಿದಳು, "ಅಂವ ಬೂಟಿನ ದಾರ ಕೈಲೇ ಹಿಡ್ಕಂಡು ಹಂಗೇ ಕೂತ ನೋಡು, ಆಗ ನಂಗೆ ನಿನ್ನ ಮಾತು ಕಿವಿಗೆ ಬಿತ್ತು. ಎಂಥಾ ಚಂದ ಮಾತಾ! ಮೊದ್ಲು ಎಲ್ಲಾ ಬರೀ ಕೂಗೂದೇ ಕೇಳ್ತಿತ್ತು."

ಹೊಗಳಿಕೆಯೇ ಅದು. ಆಯಿಯ ಬಾಯಿಂದ ನನಗೆ ಸಿಕ್ಕ ಮೊದಲ ಹೊಗಳಿಕೆ. ಆದರೆ ಅದೂ ಆತನ ಕೈಯಿಂದ ದಾಟಿಕೊಂಡೇ ನನ್ನ ಹತ್ತಿರ ಬಂದಿತ್ತು.

ಮೇ ತಿಂಗಳು ಬಂತು. ಪೇಟೆಯಲ್ಲಿ ಕರಿ ಇಶಾಡು ಮಾವಿನ ಬುಟ್ಟಿಗಳು ಕೂತಿದ್ದವು. ನಾನು ಶಾಲೆಯಲ್ಲಿ ಪರೀಕ್ಷೆಯ ಫಲಿತಾಂಶದ ಕೆಲಸದಲ್ಲಿದ್ದಾಗ ಮೊಬೈಲ್ ಬಡಿದುಕೊಂಡಿತು. ಆತನ ಹತ್ತಿರ ಫೋನಿರಲಿಲ್ಲ, ಅಮೆರಿಕದಲ್ಲಿ ತನಗೆ ಕೆಲಸ ಹುಡುಕಿಕೊಡುವ ಏಜೆಂಟಿಗೆ ನನ್ನ ನಂಬರು ಕೊಟ್ಟಿದ್ದ. ಆ ಕಡೆ ಒಬ್ಬ ಹೆಂಗಸಿನ ದನಿ. ಹೊಸ ಟೀವಿ ಧಾರಾವಾಹಿ, ಅದರಲ್ಲಿ ಆತನಿಗೊಂದು ಪಾತ್ರ, ಕೂಡಲೇ ಹೊರಡಬೇಕು.

ಕಾಲೇಜಿನ ದಿನಗಳಿಂದ ಇಂಥ ಒಂದು ಫೋನು ಬರುವುದನ್ನು ನಾನು ಎಷ್ಟು ಸಲ ಕಲ್ಪಿಸಿಕೊಂಡಿದ್ದೆನೋ! ಅದು ಕೊನೆಗೂ ಬಂದಿತ್ತು. ನನ್ನದೇ ಫೋನಿಗೆ, ನನ್ನದೇ ಕಿವಿಗೆ. ಬೇರೆಯವನಿಗಾಗಿ. "ತಿಳಿಸುತ್ತೇನೆ" ಎಂದು ಚೊಕ್ಕ ಇಂಗ್ಲಿಷಿನಲ್ಲಿ ಹೇಳಿದೆ. ಸ್ಕೂಟರ್ ಹತ್ತಿದವನು ನೇರ ಮನೆಗೆ ಹೋಗಲಿಲ್ಲ. ಹೆದ್ದಾರಿಯ ಬದಿ ನಿಂತು ಕಬ್ಬಿನ ಹಾಲು ಕುಡಿದೆ. ಬಾಳೆಗುಳಿ ಕ್ರಾಸಿನ ತನಕ ಹೋಗಿ, ಯಲ್ಲಾಪುರದ ಕಡೆಯಿಂದ ಇಳಿದು ಬರುವ ಲಾರಿಗಳನ್ನು ನೋಡುತ್ತ ನಿಂತು, ಮತ್ತೆ ತಿರುಗಿದೆ.

ಆತ ಜಗಲಿಯಲ್ಲಿ ಮಾವು ಸುಲಿಯುತ್ತಿದ್ದ. ಸುದ್ದಿ ಕೇಳಿ ಚಾಕು ಕೆಳಗಿಟ್ಟ.

"ಯಾವ ಪಾತ್ರವಂತೆ?"

"ಆಸ್ಪತ್ರೆಯಲ್ಲಿ ಮಲಗಿದ ಅಜ್ಜ."

ಆತನ ಮುಖ ಅರಳಿದ ರೀತಿ ನೋಡಿ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಅಜ್ಜನಿಗೆ ಯಾವ ಕಾಯಿಲೆ, ಮೊಮ್ಮಕ್ಕಳು ಎಷ್ಟು ಎಂದು ಆಗಲೇ ಕೇಳತೊಡಗಿದ್ದ, ನನಗೆ ಅದೆಲ್ಲ ಗೊತ್ತಿದೆಯೇನೋ ಎಂಬಂತೆ. ಆಯಿ ಸಾರಿನ ಹುಳಿಗೆಂದು ಮುರುಗಲ ಸಿಪ್ಪೆಯನ್ನೂ ಒಣಮೀನನ್ನೂ ಕಟ್ಟಿಕೊಟ್ಟಳು. ಒಣಮೀನನ್ನು ವಿಮಾನದಲ್ಲಿ ಬಿಡುವುದಿಲ್ಲವೆಂದು ನಾನು ತೆಗೆಸಿದೆ. ಅಂಕೋಲೆಯ ಸ್ಟೇಷನ್ನಿನಲ್ಲಿ ಗೋವಾದ ರೈಲು ಹತ್ತುವಾಗ ಆತ ನನ್ನನ್ನು ಅಪ್ಪಿಕೊಂಡ. ನಾನೂ ಅಪ್ಪಿಕೊಂಡೆ. ಮಳೆಗಾಲ ಮುಗಿದ ಮೇಲೆ ಬರುತ್ತೇನೆ ಎಂದ.

ಬರಲಿಲ್ಲ, ಫೋನ್ ಮಾಡಿದ. ನವರಾತ್ರಿಯ ಸಮಯ. ಮೊದಲು ಆಯಿಯ ಹತ್ತಿರ ಮಾತಾಡಬೇಕೆಂದ. ಆಯಿ ಫೋನು ಕಿವಿಗೆ ಒತ್ತಿಕೊಂಡು, "ಉಂಡ್ಯಾ? ಚಳಿ ಉಂಟಾ ಅಲ್ಲಿ?" ಎಂದು ಕೂಗಿ ಕೇಳಿದಳು. ಆ ಕಡೆಯಿಂದ ಇಂಗ್ಲಿಷಿನಲ್ಲಿ ಏನೇನೋ ಬಂತು. ಇಬ್ಬರೂ ಬಹಳ ಹೊತ್ತು ಹಾಗೇ ಮಾತಾಡಿದರು, ನನ್ನ ಅಗತ್ಯವೇ ಬೀಳಲಿಲ್ಲ. ಕೊನೆಗೆ ನನ್ನ ಕೈಗೆ ಬಂದಾಗ ಆತ ನಗುತ್ತಲೇ ಹೇಳಿದ. ಅಜ್ಜನ ದೃಶ್ಯವನ್ನು ಎರಡು ದಿನ ಚಿತ್ರೀಕರಿಸಿದ್ದರಂತೆ. ಕಂತು ಉದ್ದವಾಯಿತೆಂದು ಸಂಕಲನದಲ್ಲಿ ಪೂರ್ತಿ ಕತ್ತರಿಸಿದರಂತೆ. ಈಗ ಮಗಳ ಮನೆಯಲ್ಲಿದ್ದಾನೆ, ಸೊಂಟ ನೋವು, ಇಷ್ಟು ದೂರ ಬರಲಾಗುವುದಿಲ್ಲ.

ನನಗೆ ಖುಷಿಯಾಗಬೇಕಿತ್ತು. ಖುಷಿಯಾಯಿತೇ ಎಂದು ಫೋನು ಇಟ್ಟ ಮೇಲೆ ನನ್ನನ್ನೇ ಕೇಳಿಕೊಂಡೆ. ಇಲ್ಲ. ಕತ್ತರಿಸಿ ಬಿಸಾಡುವುದಕ್ಕಾದರೂ ಆತನನ್ನು ಎರಡು ದಿನ ಚಿತ್ರೀಕರಿಸಿದ್ದರಲ್ಲ ಎಂದು ಹೊಟ್ಟೆ ಉರಿಯಿತು.

ಮುಂದಿನ ಬೇಸಿಗೆಯಲ್ಲಿ ಕನ್ನಡದ ಧಾರಾವಾಹಿಯ ತಂಡವೊಂದು ಕಾರವಾರದ ಕಡಲತೀರದಲ್ಲಿ ಚಿತ್ರೀಕರಣಕ್ಕೆ ಬಂತು. ಸ್ಥಳೀಯರು ಬೇಕೆಂದು ಸುದ್ದಿ. ಯಾರಿಗೂ ಹೇಳದೆ ರಜೆ ಹಾಕಿ, ಬೆಳಗಿನ ಬಸ್ಸಿಗೆ ಹೋಗಿ ಸಾಲಿನಲ್ಲಿ ನಿಂತೆ. ನಾಯಕಿ ಅಳುತ್ತ ನಡೆದು ಹೋಗುವಾಗ ತಿರುಗಿ ನೋಡುವ ಗುಂಪಿನಲ್ಲಿ ನನ್ನನ್ನು ನಿಲ್ಲಿಸಿದರು. ಬಿಸಿಲಲ್ಲಿ ಮಧ್ಯಾಹ್ನದವರೆಗೆ ನಿಂತೆ. ಈ ಮನುಷ್ಯ ಯಾಕೆ ಕಡಲಿಗೆ ಬಂದಿದ್ದಾನೆ, ಊಟ ಆಗಿದೆಯೇ ಎಂದೆಲ್ಲ ಯೋಚಿಸಿಟ್ಟುಕೊಂಡಿದ್ದೆ. ಯಾರೂ ಕೇಳಲಿಲ್ಲ.

ಅದು ಪ್ರಸಾರವಾದ ಸಂಜೆಯಷ್ಟೇ ಆಯಿಗೆ ವಿಷಯ ಹೇಳಿದೆ. ಅವಳು ಒಲೆ ಆರಿಸಿ ಬಂದು ಟೀವಿಯ ಮುಂದೆ ಕೂತಳು. ನಾಯಕಿ ಅತ್ತಳು, ನಡೆದಳು. ಗುಂಪು ತಿರುಗಿತು.

"ಹೌದು, ಬೆನ್ನು ನಿಂದೇ" ಎಂದಳು ಆಯಿ. ಅವಳ ದನಿಯಲ್ಲಿ ನಿಜವಾದ ಸಂತೋಷವಿತ್ತು.

ನನ್ನ ಪಕ್ಕದಲ್ಲಿ ನಿಂತವನು ಅಂಕೋಲೆಯ ಬಸ್‌ಸ್ಟ್ಯಾಂಡಿನ ಹತ್ತಿರದ ಹಣ್ಣಿನಂಗಡಿಯವನು. ಅವನ ಮುಖ ಪೂರ್ತಿ ಬಂದಿತ್ತು, ಮೀಸೆಯ ಸಮೇತ. ಆ ವಾರವೆಲ್ಲ ನಾನು ಬಾಳೆಹಣ್ಣನ್ನು ಎದುರಿನ ಅಂಗಡಿಯಲ್ಲಿ ಕೊಂಡೆ.