ಶೇಕದಾರರ ಕೊಡೆ

ನಾನು ಶಾಲೆ ಬಿಟ್ಟದ್ದು 1931ರಲ್ಲಿ, ಎರಡನೇ ತರಗತಿಗೆ. ಬಿಡಿಸಿದವರು ಗಂಡಸಿ ಹೋಬಳಿಯ ಕಂದಾಯ ನೋಡುತ್ತಿದ್ದ ಶೇಕದಾರರು. ನಶ್ಯದಿಂದ ಕಂದುಗಟ್ಟಿದ ಮೂಗಿನ ತುದಿ, ಬಿಸಿಲಿಲ್ಲದಾಗಲೂ ಬಿಚ್ಚಿದ ಕೊಡೆ, ಕೂಸು ಮಲಗಿಸುವಂಥ ದನಿ. ಅವರು ಬೈದದ್ದನ್ನು ಯಾರೂ ಕೇಳಿಲ್ಲ.

ನಮ್ಮದು ಬುಟ್ಟಿ, ಮೊರ ಹೆಣೆಯುವ ಕುಲ. ಹುಟ್ಟಿನಿಂದಲೇ ಕಳ್ಳರು ಎಂದು ಸರ್ಕಾರ ನಮ್ಮನ್ನು ಬರೆದುಕೊಂಡಿತ್ತು. ದಿನಾ ಸಂಜೆ ಗಂಡಸರೆಲ್ಲ ಚಾವಡಿಯ ಮುಂದೆ ಹಾಜರಿ ಕೊಡಬೇಕು. ಚೀಟಿಯಿಲ್ಲದೆ ಬಾಣಾವರದ ಸಂತೆಗೂ ಹೋಗುವಂತಿಲ್ಲ. ಪೇದೆ ಲಾಠಿ ಎತ್ತಿದರೆ ಶೇಕದಾರರು ತಡೆಯುತ್ತಿದ್ದರು. "ಕೈ ಯಾಕ್ರೀ ಎತ್ತುತೀರಿ? ಹೆಸರು ಕೂಗಿದರೆ ಬರ್ತಾರಲ್ಲ." ನಮಗೆ ಅವರ ಮೇಲೆ ಪ್ರೀತಿಯೇ ಇತ್ತು. ಅವರ ಮನೆಗೆ ಕೊಡುವ ಮೊರದ ಅಂಚನ್ನು ಅಪ್ಪ ಎರಡು ಸಲ ಕಟ್ಟುತ್ತಿದ್ದ.

ಆ ವರ್ಷ ಅವರೇ ನಮ್ಮ ಗುಡಿಸಲಿಗೆ ಬಂದರು. ಮನೆಗೊಂದು ಮಗುವನ್ನು ತಾಯ್ತಂದೆಯರಿಂದ ಬಿಡಿಸಿ, ದೂರದ ಸೆಟ್ಲ್‌ಮೆಂಟಿಗೆ ಕಳಿಸಬೇಕೆಂದು ಆರ್ಡರ್ ಬಂದಿತ್ತು. ಅಲ್ಲಿನ ಬೇಲಿಯೊಳಗೆ ಬೆಳೆದರೆ ಹೆತ್ತವರ ಬುದ್ಧಿ ಅಂಟುವುದಿಲ್ಲವಂತೆ.

"ಇಬ್ಬರಲ್ಲಿ ಯಾರನ್ನ ಕಳಿಸ್ತೀಯಮ್ಮ? ನೀನೇ ಹೇಳು, ನಾನು ಬಲವಂತ ಮಾಡೋನಲ್ಲ."

ಅಪ್ಪ ಕೈಕಟ್ಟಿ ನಿಂತಿದ್ದ. ಅವ್ವ ತಮ್ಮನನ್ನು ಸೊಂಟಕ್ಕೆ ಎತ್ತಿಕೊಂಡಳು. ನಮ್ಮಲ್ಲಿ ಹಾಲುಹಲ್ಲು ಬೀಳುವ ತನಕ ಮಕ್ಕಳ ಕೈಗೆ ಬಿದಿರು ಸೀಳುವ ಕತ್ತಿ ಕೊಡುವುದಿಲ್ಲ. ಕತ್ತಿ ಹಿಡಿಯದ ಮಗುವನ್ನು ಅವ್ವನಿಂದ ಯಾರೂ ದೂರ ಕಳಿಸುವುದೂ ಇಲ್ಲ. ಅದನ್ನೇ ನೆಚ್ಚಿ ಹೇಳಿದಳು.

"ಇವನ್ಗೆ ಹಾಲ್‌ಹಲ್ಲೇ ಬಿದ್ದಿಲ್ಲ ಬುದ್ದಿ, ಇನ್ನೂ ಕತ್ತಿ ಮುಟ್ಸಿಲ್ಲ. ದೊಡ್ಡೋನು ಇಸ್ಕೂಲಿಂದ ಬಂದು ಬುಟ್ಟಿ ತಳ ಹೆಣೀತಾನೆ."

"ಹಾಗಾದರೆ ಸುಲಭವಾಯ್ತು," ಎಂದರು ಶೇಕದಾರರು. "ದೊಡ್ಡವನ ಶಾಲೆ ಬಿಡಿಸು, ನಿಮಗೆ ದುಡೀಲಿ. ಕೆಲಸ ಬಾರದ ಚಿಕ್ಕವನು ಹೋಗಲಿ. ಅಲ್ಲಿ ನಾಲ್ಕಕ್ಷರ ಕಲೀತಾನೆ."

ಅವ್ವ ಕಾಲಿಗೆ ಬಿದ್ದಳು. "ಅಂಗಲ್ಲ ಬುದ್ದಿ, ನಾ ಅಂದಿದ್ದು ಅಂಗಲ್ಲ!"

ಶೇಕದಾರರು ಕೊಡೆಯನ್ನು ಅವಳ ತಲೆಯ ಮೇಲೆ ಹಿಡಿದರು. "ಏಳಮ್ಮ, ಬಿಸಿಲು. ನಂದೇನಿದೆ ಇದರಲ್ಲಿ? ಮೇಲಿನಿಂದ ಬಂದದ್ದು." ತಮ್ಮನ ಅಂಗೈಗೆ ಕಲ್ಲುಸಕ್ಕರೆ ಹಾಕಿದರು. ಅವನು ಚಪ್ಪರಿಸುತ್ತಲೇ ಗಾಡಿ ಹತ್ತಿದ.

ನಾನು ದುಡಿದೆ. ಬೆಳೆದು ಬೇಲೂರಿನಲ್ಲಿ ಬಿದಿರಿನ ಅಂಗಡಿ ಇಟ್ಟೆ. ಸೆಟ್ಲ್‌ಮೆಂಟಿಗೆ ಹೋಗಿ ಕೇಳಿದರೆ ಅಂಥ ಹುಡುಗನೇ ಇಲ್ಲ ಎಂದರು. ಪೆನ್ಷನ್ ಪಡೆದ ಶೇಕದಾರರು ಬೇಲೂರಿನಲ್ಲೇ ಇದ್ದರು. ಅವರ ಮನೆಗೆ ಹೋದೆ. ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ತರಿಸಿದರು. ಅಪ್ಪನ ಮೊರ ಅವರಿಗೆ ನೆನಪಿತ್ತು. ನನ್ನ ತಮ್ಮ ನೆನಪಿರಲಿಲ್ಲ.

"ಕಳಿಸೋ ತನಕ ನನ್ನ ಕೆಲಸ ಕಣಪ್ಪ. ಆಮೇಲಿಂದು ಬೇರೆ ಇಲಾಖೆ."

ಸುಳ್ಳೇನೂ ಹೇಳಲಿಲ್ಲ. ಆ ಮಾತು ನನಗೆ ಇಂದಿಗೂ ಅರಗಿಲ್ಲ. ಬೈದು ಅಟ್ಟಿದ್ದರೆ ಒಂದು ಕಲ್ಲಾದರೂ ಎಸೆದು ಬರುತ್ತಿದ್ದೆ.

ಮುಂದಿನ ವರ್ಷ ಅವರು ತೀರಿಕೊಂಡರು. ಚಟ್ಟಕ್ಕೆ ಬಿದಿರು ಬೇಕೆಂದು ಅವರ ಮಗ ನನ್ನ ಅಂಗಡಿಗೇ ಬಂದ. "ಇಲ್ಲ ಅನ್ನಕ್ಕೆ ನಿನ್ಗೇನು ಬಾಯಿಲ್ವಾ?" ಎಂದು ನನ್ನ ಹೆಂಡತಿ ಒಳಗಿಂದಲೇ ಗೊಣಗಿದಳು. ಎರಡು ಹಸಿ ಬಿದಿರು ಆರಿಸಿ, ಗೆಣ್ಣು ಕೆತ್ತಿ, ನುಣುಪು ಮಾಡಿ ಕೊಟ್ಟೆ. ಹೊರುವವರ ಹೆಗಲಿಗೆ ಸಿಬಿರು ಚುಚ್ಚಬಾರದು. ಕೆಲಸ ಕೆಡಿಸುವುದು ನನಗೆ ಬಾರದು.

ಈಗ ನನಗೆ ಒಂದು ಹೆಂಚಿನ ಮನೆ, ಒಂದು ಅಂಗಡಿ, ಎರಡು ಎತ್ತು, ಮೂವರು ಮಕ್ಕಳು. ಒಡಹುಟ್ಟಿದವರು ಯಾರೂ ಇಲ್ಲ.