ಅತ್ತೆಯ ಟೆನಿಸ್ ಹುಡುಗಿ

ಮದುವೆಯಾಗಿ ವರ್ಷ ತುಂಬುವ ಮೊದಲೇ ನಮ್ಮ ಅತ್ತೆ ಕಾಲು ಮುರಿದುಕೊಂಡು ನಮ್ಮ ಮನೆಗೆ ಬಂದರು. ಕಮಲಾಪುರದ ಬಾಳೆ ತೋಟಕ್ಕೆ ನೀರು ಬಿಡಲು ಹೋದವರು ಬದುವಿನ ಮೇಲೆ ಜಾರಿ ಬಿದ್ದಿದ್ದರು. ಕಲಬುರಗಿಯ ದವಾಖಾನೆಯಲ್ಲಿ ಪಾದದಿಂದ ಮೊಣಕಾಲಿನ ತನಕ ಪ್ಲಾಸ್ಟರ್ ಹಾಕಿ, ನೆಲಕ್ಕೆ ಕಾಲೂರಲೇಬಾರದು ಎಂದರು. ಮಾವ ತೋಟ ಬಿಟ್ಟು ಬರುವಂತಿರಲಿಲ್ಲ. ಹಾಗಾಗಿ ಜೇವರ್ಗಿ ಕಾಲೋನಿಯ ನಮ್ಮ ಬಾಡಿಗೆ ಮನೆಯಲ್ಲಿ ಕಿಟಕಿಯ ಪಕ್ಕಕ್ಕೆ ಒಂದು ಮಂಚ ಬಂತು, ಮಂಚದ ಮೇಲೆ ಅತ್ತೆ ಬಂದರು.

ನನಗೆ ಅವರೆಂದರೆ ಹೆದರಿಕೆ. ಅವರು ಬೈಯುತ್ತಿರಲಿಲ್ಲ, ನೋಡುತ್ತಿದ್ದರು. ನಾನು ರೊಟ್ಟಿ ತಟ್ಟುವುದನ್ನು, ಬಟ್ಟೆ ಹಿಂಡುವುದನ್ನು, ಕಸ ಗುಡಿಸುವುದನ್ನು ಮಂಚದಿಂದಲೇ ನೋಡಿ ಕೊನೆಗೆ "ಹೂಂ" ಎನ್ನುತ್ತಿದ್ದರು. ಆ ಹೂಂ ಪಾಸೋ ಫೇಲೋ ತಿಳಿಯುತ್ತಿರಲಿಲ್ಲ. ಗಂಡ ಬೆಳಿಗ್ಗೆ ಆಫೀಸಿಗೆ ಹೋದರೆ ಸಂಜೆಯೇ ಬರುವುದು. ಅಲ್ಲಿಯ ತನಕ ಮನೆಯಲ್ಲಿ ನಾನು, ಅತ್ತೆ, ಮತ್ತು ಆ ಹೂಂ.

ಅದೇ ದಿನಗಳಲ್ಲಿ ನನ್ನ ತಮ್ಮನ ವಿಡಿಯೋ ಗೇಮ್ ನಮ್ಮ ಮನೆಯಲ್ಲಿತ್ತು. ಅವನು ಪಿಯುಸಿ ಎರಡನೇ ವರ್ಷ. ಹೈದರಾಬಾದಿನ ಬಜಾರಿನಲ್ಲಿ ಯಾರೋ ಬಳಸಿ ಬಿಟ್ಟದ್ದನ್ನು ತಂದು, ಪುಸ್ತಕದ ನಡುವೆ ಇಟ್ಟುಕೊಂಡು ಆಡುತ್ತಿದ್ದ. ಅವ್ವ ಕಸಿದುಕೊಂಡು, ಪರೀಕ್ಷೆ ಮುಗಿಯುವವರೆಗೆ ನಿನ್ನ ಹತ್ತಿರ ಇರಲಿ ಎಂದು ನನಗೆ ಕೊಟ್ಟಿದ್ದಳು. ಅಂಗೈ ಅಗಲದ ಡಬ್ಬಿ, ಒಳಗೆ ಎರಡು ಪೆನ್ಸಿಲ್ ಸೆಲ್ಲು. ಅದರೊಳಗೆ ಒಂದೇ ಒಂದು ಆಟ ಇತ್ತು, ಟೆನಿಸ್. ಬರೀ ಚೆಂಡು ಹೊಡೆಯುವ ಆಟವಲ್ಲ ಅದು. ಒಬ್ಬ ಹುಡುಗಿ ಟೆನಿಸ್ ಕಲಿಸುವ ಹಾಸ್ಟೆಲ್ ಶಾಲೆಗೆ ಸೇರುತ್ತಾಳೆ. ನಾವು ಅವಳನ್ನು ಶಾಲೆಯ ವರಾಂಡದಲ್ಲಿ, ಮೆಟ್ಟಿಲ ಮೇಲೆ, ಮೈದಾನದಲ್ಲಿ ಓಡಾಡಿಸಬೇಕು, ಎದುರಾದವರನ್ನು ಮಾತಾಡಿಸಬೇಕು, ಪಂದ್ಯ ಗೆಲ್ಲಿಸಬೇಕು. ಗೆದ್ದರೆ ಪಾಯಿಂಟ್ ಸಿಗುತ್ತವೆ. ಅವನ್ನು ಹುಡುಗಿಯ ಶಕ್ತಿಗೆ ಹಾಕುವುದೋ ಓಟಕ್ಕೆ ಹಾಕುವುದೋ ನಾವೇ ತೀರ್ಮಾನಿಸಬೇಕು. ತೊಡಕು ಒಂದೇ: ಆಟದ ಮಾತೆಲ್ಲ ಜಪಾನಿ ಭಾಷೆಯಲ್ಲಿತ್ತು.

ನಾನು ಅಡುಗೆ ಮನೆಯಲ್ಲಿ ಕದ್ದು ಆಡುತ್ತಿದ್ದೆ. ಒಂದು ಮಧ್ಯಾಹ್ನ ಹೊರಗಿನಿಂದ ದನಿ ಬಂತು.

"ಏನವಾ, ಟಕ್ ಟಕ್ ಅಂತದ? ನಳ ಸೋರಾಕತ್ತದೇನು?"

"ಇಲ್ರೀ ಅತ್ತಿ."

"ಮತ್ತೇನದು? ತಗೊಂಡು ಬಾ ಇಲ್ಲಿ."

ನಳವನ್ನಾದರೆ ತರಲಾಗುವುದಿಲ್ಲ ಎನ್ನಬಹುದಿತ್ತು. ಸೆರಗಿನಲ್ಲಿ ಮುಚ್ಚಿಕೊಂಡಿದ್ದ ಡಬ್ಬಿಯನ್ನು ತೆಗೆದು ತೋರಿಸಿದೆ. ಅದಕ್ಕೆ ಒಳಗಿನಿಂದ ಬೆಳಕಿರಲಿಲ್ಲ, ಬಿಸಿಲಿಗೆ ಹಿಡಿದರೆ ಮಾತ್ರ ಚಿತ್ರ ಕಾಣುತ್ತಿತ್ತು. ಅತ್ತೆ ಕಿಟಕಿಯ ಕಡೆ ತಿರುಗಿಸಿ ಬಹಳ ಹೊತ್ತು ನೋಡಿದರು.

"ಈ ಪೋರಿ ಯಾರು?"

ನಾನು ಹೇಳಿದೆ. ಮನೆ ಬಿಟ್ಟು ಬಂದು ಹಾಸ್ಟೆಲಿನಲ್ಲಿದ್ದಾಳೆ, ಟೆನಿಸ್ ಕಲಿಯುತ್ತಿದ್ದಾಳೆ ಎಂದೆ.

"ಆಡು ನೋಡೋಣು," ಎಂದರು.

ಮೊದಲ ಜಗಳ ಲೆಕ್ಕದ್ದು. ಹುಡುಗಿ ಒಂದು ಚೆಂಡು ಗೆದ್ದಳು, ಹದಿನೈದು. ಇನ್ನೊಂದು ಗೆದ್ದಳು, ಮೂವತ್ತು. ಮೂರನೆಯದಕ್ಕೆ ನಲವತ್ತು ಬಂದಾಗ ಅತ್ತೆ ನನ್ನ ಕೈ ಹಿಡಿದರು. "ನಿಂದ್ರು. ನಲವತ್ತೈದು ಆಗಬೇಕಲ್ಲ. ಆ ಐದು ಯಾರು ನುಂಗಿದ್ರು?"

"ಟೆನಿಸಿನ್ಯಾಗ ಹಂಗೇ ರೀ ಅತ್ತಿ."

"ಹೆಣ್ಣಹುಡುಗಿ ಅಂತ ಐದು ಹಾರಿಸ್ಯಾರ," ಎಂದರು. ಎದುರಿನ ಹುಡುಗನಿಗೂ ನಲವತ್ತೇ ಬಂದದ್ದನ್ನು ನೋಡಿದ ಮೇಲೆಯೇ ಅವರಿಗೆ ಸಮಾಧಾನ.

ಮಾರನೆಯ ದಿನದಿಂದ ಬೆಳಗಿನ ಕೆಲಸ ಮುಗಿದ ಕೂಡಲೇ ಅವರೇ ಕರೆಯತೊಡಗಿದರು. ಗುಂಡಿ ಒತ್ತುವುದು ನನ್ನ ಕೆಲಸ, ಹುಡುಗಿಯನ್ನು ಬೆಳೆಸುವುದು ಅವರ ಕೆಲಸ. ಜಪಾನಿ ಮಾತುಗಳನ್ನು ಮುಖ ನೋಡಿಯೇ ಅರ್ಥ ಹೇಳುತ್ತಿದ್ದರು. ಮೀಸೆಯವನು ಹೆಡ್ ಮಾಸ್ತರ. ಕೋಣೆಯ ಜೊತೆಗಾತಿ ಒಳ್ಳೆಯವಳು, ಆದರೆ ಸ್ವಲ್ಪ ಹೊಟ್ಟೆಕಿಚ್ಚು. ಪಾಯಿಂಟ್ ಬಂದಾಗಲೆಲ್ಲ ತೋಳಿನ ಚಿತ್ರ ತೋರಿಸಿ, "ಶಕ್ತಿಗಿ ಹಾಕು. ಉಂಡು ತಿಂದು ಗಟ್ಟಿ ಆಗದಾಕಿ ಏನ್ ಆಡ್ತಾಳ?" ಎನ್ನುತ್ತಿದ್ದರು. ಎಲ್ಲವನ್ನೂ ಶಕ್ತಿಗೇ ಹಾಕಿದೆವು. ಹುಡುಗಿ ಹೊಡೆದರೆ ಚೆಂಡು ಗೆರೆ ದಾಟಿ ಹೋಗುತ್ತಿತ್ತು, ಎದುರಿನವರು ಹೊಡೆದರೆ ಅವಳು ಬೀಸುವ ಕಲ್ಲಿನ ಹಾಗೆ ನಿಂತಲ್ಲೇ ನಿಲ್ಲುತ್ತಿದ್ದಳು. ಸಾಲಾಗಿ ಸೋತಳು. ಅತ್ತೆ ನನ್ನ ಹೆಬ್ಬೆರಳನ್ನು ಹಿಡಿದು ನೋಡಿ, "ಇದರಾಗ ಜೋರಿಲ್ಲ," ಎಂದರು.

ಎರಡನೆಯ ತೊಡಕು ಒಬ್ಬ ಹುಡುಗ. ಮೇಲಿನ ತರಗತಿಗೆ ಹೋಗುವ ಮೆಟ್ಟಿಲ ಬಳಿ ಕೂದಲು ಮೇಲಕ್ಕೆ ನಿಲ್ಲಿಸಿಕೊಂಡು ಅವನು ಯಾವಾಗಲೂ ನಿಂತಿರುತ್ತಿದ್ದ. ಅವನನ್ನು ಮಾತಾಡಿಸಲು ಹೋದೆ. ಅತ್ತೆ ಡಬ್ಬಿಯ ಮೇಲೆ ಕೈಯಿಟ್ಟರು.

"ಬ್ಯಾಡ. ಓದು ಇಲ್ಲ, ಆಟ ಇಲ್ಲ, ಮೆಟ್ಟಲ ಕಾಯ್ಕೋತ ನಿಂತಾನ. ಇಂಥವರ ಸಲುವಾಗೇ ಮಂದಿ ಹೆಣ್ಣಮಕ್ಕಳನ್ನ ಹಾಸ್ಟೆಲಿಗಿ ಕಳಸೂದಿಲ್ಲ."

ಅವನನ್ನು ಮಾತಾಡಿಸದೆ ಆಟ ಅವಳನ್ನು ಮೆಟ್ಟಿಲು ಹತ್ತಲು ಬಿಡುತ್ತಿರಲಿಲ್ಲ. ಅವನಲ್ಲದೆ ಉಳಿದ ಎಲ್ಲರನ್ನೂ ಮಾತಾಡಿಸಿದೆವು. ಮಾಸ್ತರನನ್ನು, ಜೊತೆಗಾತಿಯನ್ನು, ಅಡುಗೆಯವಳನ್ನು, ಒಂದು ನಾಯಿಯನ್ನೂ. ಎಲ್ಲರೂ ಹೇಳಿದ್ದನ್ನೇ ಹೇಳಿದರು, ನಾಯಿ ಕೂಡ. ನಮ್ಮ ಹುಡುಗಿ ದಿನಗಟ್ಟಲೆ ಕೆಳಗಿನ ವರಾಂಡದಲ್ಲೇ ಸುತ್ತಿದಳು. ಒಂದು ಸಂಜೆ ಗಂಡ ಬೂಟು ಬಿಚ್ಚುತ್ತ, "ಯವ್ವಾ, ಅದು ಬರೀ ಆಟ," ಎಂದರು.

"ಆಟ ಆದ್ರೇನೋ ತಮ್ಮಾ, ಹೆಣ್ಣ ಹೌದಿಲ್ಲೋ?" ಎಂದು ಅತ್ತೆ ಕೇಳಿದರು. ಗಂಡ ಬೂಟು ತೆಗೆದುಕೊಂಡು ಒಳಗೆ ಹೋದರು.

ಎರಡು ದಿನ ಬಿಟ್ಟು ನಾನು ಕಾಯಿಪಲ್ಲೆ ತರಲು ಹೋಗಿ ಬಂದೆ. ಅತ್ತೆ ಕಿಟಕಿಗೆ ಬೆನ್ನು ಕೊಟ್ಟು, ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದುಕೊಂಡು ಕೂತಿದ್ದರು. ಇಣುಕಿದೆ. ಹುಡುಗಿ ಮೇಲಿನ ಮಹಡಿಯಲ್ಲಿದ್ದಳು!

"ಹ್ಯಾಂಗ ಹೋದ್ಲ್ರೀ ಅತ್ತಿ?"

ಅತ್ತೆ ತಲೆ ಎತ್ತಲಿಲ್ಲ. "ನಾ ಕೇಳಿದೆ ಅವನ್ನ. ದಾರಿ ಬಿಡಪಾ ಅಂದೆ, ಬಿಟ್ಟ. ನಾ ಹಿರಿಯಾಕಿ. ನಾ ಮಾತಾಡಿದ್ರ ಏನೂ ತಪ್ಪಿಲ್ಲ."

ಅಲ್ಲಿಂದ ಹುಡುಗಿಯ ದೆಸೆ ತಿರುಗಿತು. ಪಾಯಿಂಟುಗಳಲ್ಲಿ ಅರ್ಧವನ್ನು ಓಟಕ್ಕೆ ಹಾಕಲು ಅತ್ತೆ ಒಪ್ಪಿದರು. ಅವಳು ಗೆಲ್ಲತೊಡಗಿದಳು. ಸಂಜೆ ಅತ್ತೆ ಕಮಲಾಪುರಕ್ಕೆ ಫೋನು ಮಾಡುತ್ತಿದ್ದರು. ಅಲ್ಲಿ ಫೋನಿದ್ದದ್ದು ಮಾವನ ಪಕ್ಕದ ಮನೆಯಲ್ಲಿ. ಅವರು ಕರೆದರೆ ಮಾವ ಬಂದು ಮಾತಾಡಬೇಕು. ಮಾವ ತೋಟದಿಂದ ಬರುವ ತನಕ ಅತ್ತೆ ಆ ಪಕ್ಕದ ಮನೆಯಾಕೆಯ ಜೊತೆಗೇ ಮಾತಿಗೆ ಕೂರುತ್ತಿದ್ದರು. "ನಮ್ಮ ಹುಡುಗಿ ಇವತ್ತ ಮತ್ತ ಗೆದ್ದಾಳ್ರೀ. ಹಾಸ್ಟೆಲಿನ್ಯಾಗ ಆಕಿ ಸರಿ ಯಾರೂ ಇಲ್ಲ." ನಾನು ಅಡುಗೆ ಮನೆಯಿಂದ ಕೇಳಿಸಿಕೊಂಡು ನಗುತ್ತಿದ್ದೆ. ಆ ಕಡೆಯಾಕೆ ಏನು ತಿಳಿದುಕೊಳ್ಳುತ್ತಿದ್ದಾಳೆ ಎಂದು ನನಗೆ ಹೊಳೆಯಲೇ ಇಲ್ಲ.

ಒಂದು ಮಧ್ಯಾಹ್ನ ಆಕೆ ಬಸ್ಸು ಹತ್ತಿ ಬಂದೇಬಿಟ್ಟಳು, ಕೈಚೀಲದಲ್ಲಿ ಕೆಂಪು ಬಾಳೆಹಣ್ಣು ಹಾಕಿಕೊಂಡು. ಕಾಲು ನೋಡಿದಳು, ಪ್ಲಾಸ್ಟರ್ ಮುಟ್ಟಿದಳು, ಲೊಚಗುಟ್ಟಿದಳು. ನಾನು ಸುಸಲಾ ಮಾಡಲು ಮಂಡಕ್ಕಿ ನೆನೆಸುತ್ತಿದ್ದೆ. ಆಕೆ ಮಂಚದ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡು ದನಿ ತಗ್ಗಿಸಿದಳು.

"ಹುಡುಗಿ ಎಲ್ಲದಾಳ್ರೀ? ನಿಮ್ಮ ಸೊಸಿ ತಂಗಿ ಹೌದಲ್ಲ?"

ನನಗೆ ತಂಗಿಯೇ ಇಲ್ಲ. ಇರುವವನು ತಮ್ಮನೊಬ್ಬ. ಮಂಡಕ್ಕಿ ಹಿಂಡುತ್ತಿದ್ದ ಕೈ ನಿಂತಿತು. ಅತ್ತೆ ಡಬ್ಬಿಯನ್ನು ಮೆಲ್ಲಗೆ ದಿಂಬಿನ ಕೆಳಗೆ ಸರಿಸಿದ್ದು ಕಂಡಿತು.

"ಇಲ್ಲೇ ಅದಾಳ್ರೀ," ಎಂದರು.

"ನಮ್ಮಣ್ಣನ ಮಗ ಬೀದರಿನ್ಯಾಗ ನೌಕರಿ ಮಾಡ್ತಾನ. ಬಂಗಾರದಂಥ ಹುಡುಗ. ಎತ್ತರ ಎಷ್ಟದಾಳ?"

"ಗಿಡ್ಡ."

"ಇರ್ಲಿ ಬಿಡ್ರಿ. ಬಣ್ಣ?"

ಅತ್ತೆ ಯೋಚನೆ ಮಾಡಿದರು. "ಬಿಸಿಲಿಗಿ ಬಂದ್ರ ಚಂದ ಕಾಣ್ತಾಳ. ನೆಳ್ಳಿನ್ಯಾಗ ಬಿಲ್ಕುಲ್ ಕಾಣಂಗಿಲ್ಲ."

"ಕಪ್ಪಾದ್ರೇನು, ಲಕ್ಷಣ ಮುಖ್ಯ. ಅಡಿಗಿ ಬರ್ತದ?"

"ಒಂದಿನಾನೂ ಒಲಿ ಮುಂದ ಹೋದಾಕಿ ಅಲ್ಲ."

"ಮಾತುಕತಿ?"

"ಆಕಿ ಮಾತು ನನಗ ಒಂದೂ ತಿಳಿಯಂಗಿಲ್ರೀ."

ನಾನು ಬಾಯಿಗೆ ಸೆರಗು ತುರುಕಿಕೊಂಡು ಒಲೆಗೆ ಮುಖ ಮಾಡಿ ನಿಂತೆ. ಅತ್ತೆ ಒಂದೂ ಸುಳ್ಳು ಹೇಳುತ್ತಿರಲಿಲ್ಲ, ಆದರೂ ಸಂಬಂಧ ಗಟ್ಟಿಯಾಗುತ್ತಲೇ ಇತ್ತು. ಗಿಡ್ಡ, ಕಪ್ಪು, ಅಡುಗೆ ಬಾರದು ಎಂದಷ್ಟೂ, ಇವರು ಹುಡುಗಿಯನ್ನು ಬಿಟ್ಟುಕೊಡಲು ಮನಸ್ಸಿಲ್ಲದೆ ಹೀಗೆ ಹೇಳುತ್ತಿದ್ದಾರೆ ಎಂದು ಆಕೆಗೆ ಖಾತ್ರಿಯಾಗುತ್ತಿತ್ತು. ಕೊನೆಗೆ ಉದಾರವಾಗಿ ಹೇಳಿದಳು: "ನಡೀತದ ಬಿಡ್ರಿ. ಮದಿವಿ ಆದ ಮ್ಯಾಲ ಆ ಆಟ ಗೀಟ ಒಂದು ಬಿಡಿಸಿದ್ರ ಆಯ್ತು. ಉಳಿದದ್ದು ತಾನೇ ಕಲೀತಾಳ."

ಅತ್ತೆಯ ಮುಖ ಬದಲಾಯಿತು.

"ಬಿಡಸೂದು? ಯಾಕ ಬಿಡಸೂದು?"

"ಮನಿ ಸೊಸಿ ಚಡ್ಡಿ ಹಾಕ್ಕೊಂಡು ಚಂಡು ಹೊಡ್ಕೋತ ತಿರಗತಾಳೇನ್ರೀ?"

"ತಿರಗತಾಳ! ನಿಂತಲ್ಲೇ ನಿಂತಾಕಿನ್ನ ಓಡೂ ಹಂಗ ಮಾಡೀನಿ. ಒಂದೊಂದೇ ಪಾಯಿಂಟ ಹಾಕಿ ಹಾಕಿ ಬೆಳಸೀನಿ. ಬಿಡಸೂ ಮನಿಗಿ ನಾ ನಮ್ಮ ಹುಡುಗಿನ್ನ ಕೊಡೂದಿಲ್ಲ!"

ಸುಸಲಾ ತಟ್ಟೆ ಹಿಡಿದು ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಪಕ್ಕದ ಮನೆಯಾಕೆ ನನ್ನನ್ನೂ ಅತ್ತೆಯನ್ನೂ ನೋಡಿ, "ಕೊಡೂದು ಬ್ಯಾಡ್ರಿ, ಒಂದು ಫೋಟೋ ಆದರೂ ತೋರಸ್ರಿ. ಊರಿಂದ ಬಂದೀನಿ," ಎಂದಳು. ಅತ್ತೆ ದಿಂಬಿನ ಕೆಳಗಿನಿಂದ ಡಬ್ಬಿ ತೆಗೆದು, ಗುಂಡಿ ಒತ್ತಿ, ಬಿಸಿಲಿಗೆ ಹಿಡಿದು ಕೊಟ್ಟರು.

ಆಕೆ ನೋಡಿದಳು. ತಿರುಗಿಸಿ ಹಿಂದೆ ನೋಡಿದಳು. ಮತ್ತೆ ಮುಂದೆ ನೋಡಿದಳು.

"ಇದಾ?"

"ಇದೇ."

"ಅಯ್ಯ ಯವ್ವಾ! ನಾ ಅಣ್ಣಗ ಹೇಳೀನಲ್ರೀ! ಹುಡುಗ ಹೂಂ ಅಂದಾನ!"

ಸುಸಲಾ ಪೂರ್ತಿ ತಿಂದಳು, ಚಹಾನೂ ಕುಡಿದಳು, ಆದರೆ ಹೊರಡುವ ತನಕ ಅತ್ತೆಯ ಕಡೆ ನೋಡಲಿಲ್ಲ. ನಾನು ಆಟೋ ತನಕ ಬಿಟ್ಟು ಬಂದೆ. ಅಣ್ಣನಿಗೆ ಆಕೆ ಏನು ಹೇಳಿದಳೆಂಬುದು ಆಮೇಲೆ ಮಾವನಿಂದ ತಿಳಿಯಿತು: ಹುಡುಗಿಯ ಕಡೆಯವರು ಭಾಳ ಸೊಕ್ಕಿನವರು, ಟೆನಿಸ್ ಬಿಡಿಸುತ್ತೇವೆ ಅಂದದ್ದಕ್ಕೆ ಕೊಡುವುದಿಲ್ಲ ಅಂದರು. ಬೀದರಿನ ಹುಡುಗ ಒಂದಷ್ಟು ದಿನ ಬೇಜಾರಿನಲ್ಲಿದ್ದನಂತೆ.

ಆಟೋ ಹೋದ ಮೇಲೆ ಒಳಗೆ ಬಂದು ತಟ್ಟೆ ಎತ್ತುತ್ತಿದ್ದೆ. ಅತ್ತೆಯ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ನೀ ಲಗ್ನಕ್ಕಿಂತ ಮೊದಲ ಏನರೆ ಆಡ್ತಿದ್ದೇನು?" ಎಂದು ಕೇಳಿದರು.

"ಥ್ರೋಬಾಲ್ ರೀ. ಕಾಲೇಜ್ ಟೀಮಿನ್ಯಾಗ ಇದ್ದೆ."

"ಯಾಕ ಬಿಟ್ಟಿ?"

"ಲಗ್ನ ಆಯ್ತಲ್ರೀ ಅತ್ತಿ."

ನಾನು ತಟ್ಟೆ ತೊಳೆದು ಬಂದೆ. ಅತ್ತೆ ಕೇಳಿದರು, "ಅದರಾಗ ಶಕ್ತಿ ಬೇಕೋ, ಓಟ ಬೇಕೋ?"

"ಎರಡೂ ಬೇಕ್ರೀ."

"ಹೂಂ," ಎಂದರು. ಆವತ್ತಿನ ಹೂಂ ಮಾತ್ರ ನನಗೆ ತಿಳಿಯಿತು. ಸಂಜೆ ಗಂಡ ಬಂದಾಗ, ಕಾಲೋನಿಯ ಹಿಂದಿನ ಖಾಲಿ ಜಾಗದಲ್ಲಿ ಹೆಂಗಸರು ಏನಾದರೂ ಆಡುತ್ತಾರೇನು ವಿಚಾರಿಸು ಎಂದು ಅವರಿಗೆ ಹೇಳಿದರು. ಗಂಡ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಆ ಜಾಗದಲ್ಲಿ ಎಮ್ಮೆ ಬಿಟ್ಟು ಯಾರೂ ಇರಲಿಲ್ಲ. ಆದರೆ ಅಲ್ಲಿ ಹುಡುಕಲು ಹೋಗಿಯೇ ಎರಡು ಬೀದಿ ಆಚೆ ಶಾಲೆಯ ಮೈದಾನದಲ್ಲಿ ಟೀಚರುಗಳು ಆಡುವುದು ಗೊತ್ತಾಯಿತು. ಮುಂದಿನ ತಿಂಗಳು ನಾನೂ ಹೋಗತೊಡಗಿದೆ.

ಅಷ್ಟರಲ್ಲಿ ಪ್ಲಾಸ್ಟರ್ ಕತ್ತರಿಸಿದ್ದರು. ಅತ್ತೆ ಕೋಲು ಹಿಡಿದು ಕಮಲಾಪುರದ ಬಸ್ಸು ಹತ್ತಿದರು, ಕೊನೆಯ ಪಂದ್ಯ ಬಾಕಿ ಇರುವಾಗಲೇ. ಅದನ್ನು ನಾನೊಬ್ಬಳೇ ಆಡಿದೆ. ಹುಡುಗಿ ಗೆದ್ದಳು, ಬಹುಮಾನದ ಕಪ್ ಎತ್ತಿದಳು, ಮೇಲಕ್ಕೆ ಒಂದಿಷ್ಟು ಜಪಾನಿ ಅಕ್ಷರ ಹರಿದುಹೋದವು. ಕೂಡಲೇ ಫೋನು ಮಾಡಿದೆ. ಪಕ್ಕದ ಮನೆಯಾಕೆ ಎತ್ತಿ, ನನ್ನ ದನಿ ಕೇಳಿ ಮಾತಾಡದೆ ಅತ್ತೆಯನ್ನು ಕೂಗಿದಳು.

"ಅತ್ತಿ, ಗೆದ್ಲ್ರೀ!"

"ಮುಂದ ಏನ್ ಮಾಡ್ತಾಳಂತ?"

"ಮುಂದ ಏನೂ ಇಲ್ರೀ, ಆಟ ಮುಗೀತು."

"ಹಾಂಗ ಹ್ಯಾಂಗ ಮುಗೀತದ? ಇಷ್ಟು ಕಲಿಸಿ ಖಾಲಿ ಕೂಡಸ್ತಾರೇನು? ಸರಿಯಾಗಿ ನೋಡು, ಮ್ಯಾಲ ಇನ್ನೊಂದು ಮೆಟ್ಟಲ ಇರಬೇಕು."

ನಾನು ಡಬ್ಬಿಯನ್ನು ಮತ್ತೆ ಬೆಳಕಿಗೆ ಹಿಡಿಯುತ್ತಿರುವಾಗ ಆ ಕಡೆ ಅತ್ತೆಯ ಹಿಂದಿನಿಂದ ಪಕ್ಕದ ಮನೆಯಾಕೆಯ ದನಿ ಕೇಳಿಸಿತು: "ಗೆದ್ಲಂತೇನು? ಎಷ್ಟಕ್ಕ ಗೆದ್ಲು, ಕೇಳ್ರಿ."